ಕೂಳೆಯಲ್ಲಿ ಬಿದ್ದ ಗೋಧಿ

ಕೊಯ್ಲಿಗೆ ಇನ್ನೇನು ವಾರವಿದೆ ಎನ್ನುವಾಗ ಮಗ ಊಟಕ್ಕೆ ಕೂತವನೇ ವಿಷಯ ತೆಗೆದ.

"ಜೆಸಿಬಿಯವನ ಹತ್ರ ಮಾತಾಡಿ ಬಂದೆ ಅಮ್ಮ. ಕೊಯ್ಲು ಮುಗಿದ ತಕ್ಷಣ ಬರ್ತಾನೆ. ಒಂದು ಕಾಲುವೆ ತೋಡಿ ಜೊಂಡಿನ ನೀರನ್ನೆಲ್ಲ ಹೊಳೆಗೆ ಬಿಟ್ಟುಬಿಟ್ರೆ ಮುಂದಿನ ಬಿತ್ತನೆಗೆ ಅಷ್ಟೂ ನೆಲ ನಮ್ಮ ಕೈಗೆ ಬರುತ್ತೆ."

ಒಲೆಯ ಮುಂದೆ ನಿಂತಿದ್ದ ತಾಯಿ ರೊಟ್ಟಿ ಮಗುಚಿ ಹಾಕಿದಳು. ಮನೆಯವರಿಗೆ ಆಕೆ ಅಮ್ಮ, ಬೀದಿಗೆಲ್ಲ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಹೊಲ ಆಕೆಯ ಹೆಸರಿನಲ್ಲಿತ್ತು, ಉಗ್ರಾಣದ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಈ ಊರಿನ ಅರ್ಧ ಜನ ತಿನ್ನುವುದು ತನ್ನ ಹೊಲದ ಗೋಧಿ ಎಂದು ಆಕೆ ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಆದರೆ ಬೇಕರಿಯ ಮುಂದೆ ಹಾದುಹೋಗುವಾಗ ಆಕೆಯ ನಡಿಗೆ ತುಸು ನಿಧಾನವಾಗುತ್ತಿತ್ತು.

ಜೊಂಡು ಅಂದರೆ ಹೊಲದ ಕೆಳಗಿನ ತುದಿಯಲ್ಲಿದ್ದ ಜೌಗು. ವರ್ಷವಿಡೀ ಮೊಣಕಾಲುದ್ದ ನೀರು, ಆಳೆತ್ತರ ಹುಲ್ಲು. ಸುತ್ತಮುತ್ತಲ ಹೊಲಗಳಲ್ಲಿ ಹಿಂದೆ ಇಂಥವು ಬೇಕಾದಷ್ಟಿದ್ದವು. ಒಂದೊಂದಾಗಿ ಎಲ್ಲರೂ ನೀರು ಬಸಿದು, ಮಣ್ಣು ತುಂಬಿ, ಬಿತ್ತಿಕೊಂಡಿದ್ದರು. ಇನ್ನು ಉಳಿದದ್ದು ಇವರದೊಂದು, ಪಕ್ಕದ ಹೊಲದವನದೊಂದು. ಅವನೂ ಜೆಸಿಬಿಯ ದಾರಿ ಕಾಯುತ್ತಿದ್ದ.

ಮಗಳು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ ಹಾಕಿದಳು. ಆಕೆಗೆ ಮೂವತ್ತೈದು ದಾಟಿತ್ತು. ಕೊಯ್ಲಿನ ದೊಡ್ಡ ಯಂತ್ರ ಓಡಿಸುವ ಕೆಲಸ. ತಮ್ಮ ಹೊಲದ್ದಲ್ಲದೆ ಊರವರ ಹೊಲಗಳನ್ನೂ ಬಾಡಿಗೆಗೆ ಕೊಯ್ದುಕೊಡುತ್ತಿದ್ದಳು. ಮದುವೆಯ ಮಾತು ಎತ್ತಿದವರಿಗೆಲ್ಲ "ನನ್ನ ಮೆಷಿನ್ ಒಪ್ಪಿದ್ರೆ ನೋಡೋಣ" ಎಂದು ಹೇಳಿ ಹೇಳಿ, ತಮ್ಮನ ಮಗಳ ಬಾಯಲ್ಲಿ 'ಮೆಷಿನ್ ಅತ್ತೆ'ಯೇ ಆಗಿಬಿಟ್ಟಿದ್ದಳು.

"ಯಾರನ್ನ ಕೇಳಿ ಮಾತಾಡಿ ಬಂದೆ?" ಎಂದಳು.

"ನಿನ್ನನ್ನ ಕೇಳಬೇಕಿತ್ತಾ ಅಕ್ಕ? ಬೆಳೆಯೋನು ನಾನು."

"ಕೊಯ್ಯೋಳು ನಾನು. ಪ್ರತಿ ವರ್ಷ ಅಲ್ಲಿ ಕಾಡುಬಾತು ಮರಿ ಮಾಡುತ್ತೆ. ನೀರುಕೋಳಿ ಇದೆ, ಕೊಕ್ಕರೆ ಇದೆ, ಆ ಗೂಬೆ ಇದೆ. ಬೇರೆ ಹೊಂಡಗಳನ್ನೆಲ್ಲ ಮುಚ್ಚಿ ಆಯ್ತು. ಇದನ್ನೂ ಮುಚ್ಚಿದ್ರೆ ಅವೆಲ್ಲ ಎಲ್ಲಿಗೆ ಹೋಗ್ಬೇಕು?"

"ಹಕ್ಕಿ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರಂತೆ, ಹಾಗಾಯ್ತು ನಿನ್ನ ಮಾತು."

"ನಿನ್ನ ಹೊಟ್ಟೆ ನೋಡಿದ್ರೆ ಹಿಟ್ಟಿಗೆ ಬರ ಬಂದ ಹಾಗೆ ಕಾಣಲ್ಲ ಬಿಡು!"

ಚಿನಕುರಳಿ ಕಿಸಕ್ಕೆಂದು ನಕ್ಕಳು. ಅದು ಮೊಮ್ಮಗಳ ಅಡ್ಡಹೆಸರು. ಎಂಟು ವರ್ಷದ ಹುಡುಗಿ, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅವಳ ತಾಯಿ, ಅಂದರೆ ಮನೆಯ ಸೊಸೆ, ಮಗಳ ತೊಡೆಗೆ ಮೆಲ್ಲಗೆ ತಟ್ಟಿ ಹೇಳಿದಳು:

"ಅತ್ತಿಗೆ, ಇವರು ಹೇಳೋದ್ರಲ್ಲೂ ತಪ್ಪಿಲ್ಲ. ನಮ್ಮ ಶಾಲೆ ಅಡುಗೆಮನೆಗೆ ಬಂದು ಒಂದು ದಿನ ನಿಂತು ನೋಡಿ. ಎರಡನೇ ರೊಟ್ಟಿ ಬೇಕು ಅಂತ ಕೈ ಚಾಚೋ ಮಕ್ಕಳು ಎಷ್ಟಿದ್ದಾರೆ ಅಂತೀರಾ! ಹಿಟ್ಟು ಸಾಲಲ್ಲ. ಇಲ್ಲ ಅನ್ನೋದಕ್ಕೆ ನನಗೆ ನಾಲಿಗೆ ಬರಲ್ಲ."

ಸೊಸೆ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಮಕ್ಕಳ ಹಸಿವಿನ ವಿಷಯದಲ್ಲಿ ಆಕೆ ಉತ್ಪ್ರೇಕ್ಷೆ ಮಾಡುವವಳಲ್ಲ. ತಾಯಿ ಕೊನೆಯ ರೊಟ್ಟಿಯನ್ನು ತಟ್ಟೆಗೆ ಹಾಕಿ, ಬೆಂಕಿ ಆರಿಸಿದಳು.

"ಕೊಯ್ಲು ಮುಗೀಲಿ. ಜೆಸಿಬಿ ಬರಬೇಕೋ ಬೇಡವೋ ಆಮೇಲೆ ನಾನು ಹೇಳ್ತೀನಿ."

"ಅಡ್ಡಗೋಡೆ ಮೇಲೆ ದೀಪ ಇಡಬೇಡಮ್ಮ," ಎಂದ ಮಗ.

"ದೀಪ ನಂದು, ಗೋಡೇನೂ ನಂದೇ. ಊಟ ಮಾಡು."

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ದಿನಗಳಲ್ಲಿ ಅಕ್ಕತಮ್ಮಂದಿರು ಎದುರು ಬದುರಾದ ಕಡೆಯಲ್ಲೆಲ್ಲ ಅದೇ. ಬಾವಿಕಟ್ಟೆಯಲ್ಲಿ ಒಮ್ಮೆ, ಟ್ರ್ಯಾಕ್ಟರಿನ ಚಕ್ರ ಬಿಚ್ಚುವಾಗ ಇನ್ನೊಮ್ಮೆ. ಒಂದು ಮಧ್ಯಾಹ್ನ ಮಗ ಗಿರಣಿಯಿಂದ ಖಾಲಿ ಚೀಲಗಳನ್ನು ಹೊತ್ತು ತಂದು ಅಂಗಳದಲ್ಲಿ ಧೊಪ್ಪೆಂದು ಕೆಡವಿದ. ಚೀಲಗಳ ಮೇಲೆ ಯಾವುದೋ ದೂರದೇಶದ ಅಕ್ಷರ.

"ನೋಡು ಅಕ್ಕ. ನಮ್ಮ ಊರಿನ ಗೋಧಿ ಸಾಲದೆ ಗಿರಣಿಯವನು ಹಡಗಲ್ಲಿ ತರಿಸಿದ್ದು ಇದು. ಅಲ್ಲಿ ಕಾಡಿಗೆ ಬೆಂಕಿ ಇಟ್ಟು ಹೊಲ ಮಾಡ್ತಾರಂತೆ. ನಾನು ಹೇಳ್ತಿಲ್ಲ, ಅವನೇ ಹೇಳಿದ್ದು. ನೀನು ಇಲ್ಲಿ ಒಂದು ಹೊಂಡ ಉಳಿಸಿದೆ ಅಂತ ಬೀಗ್ತೀಯ. ಆ ಹೊಂಡದಲ್ಲಿ ಬೆಳೆಯದೇ ಇದ್ದ ಗೋಧಿಗೋಸ್ಕರ ಅಲ್ಲೆಲ್ಲೋ ಒಂದು ಕಾಡು ಹೋಗುತ್ತೆ. ಅಲ್ಲಿ ಹಕ್ಕಿ ಇರಲ್ವಾ? ಅವಕ್ಕೆ ರೆಕ್ಕೆ ಇರಲ್ವಾ?"

ಮಗಳ ಮುಖ ಕೆಂಪಾಯಿತು. "ಅಂದ್ರೆ ಅಲ್ಲೂ ಸುಡಲಿ, ಇಲ್ಲೂ ಮುಚ್ಚಲಿ ಅಂತೀಯಾ?"

"ಎಲ್ಲಿಂದಾದ್ರೂ ಗೋಧಿ ಬರಬೇಕಲ್ಲ? ಎಲ್ಲಿಂದ ತರ್ತೀಯ, ನೀನೇ ಹೇಳು!"

ಬಟ್ಟೆ ಹಿಂಡುತ್ತಿದ್ದ ತಾಯಿಗೆ ಇಬ್ಬರ ಮಾತೂ ಕೇಳಿಸಿತು. ಮಗ ಸುಳ್ಳು ಹೇಳುತ್ತಿಲ್ಲ. ಮಗಳ ಹಟದಲ್ಲಿ ಸ್ವಾರ್ಥವಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಪೆದ್ದರಾಗಿದ್ದಿದ್ದರೆ ತೀರ್ಪು ಎಷ್ಟು ಸುಲಭವಾಗುತ್ತಿತ್ತು ಎಂದುಕೊಂಡು ಆಕೆ ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದಳು.

ಕೊಯ್ಲು ಮೇಲಿನ ಹೊಲದಿಂದ ಶುರುವಾಯಿತು. ಮೊದಲ ದಿನ ಬುತ್ತಿ ತೆಗೆದುಕೊಂಡು ಹೋದ ತಾಯಿ ಬದುವಿನ ಮೇಲೆ ನಿಂತು ನೋಡಿದಳು. ಯಂತ್ರ ಧೂಳೆಬ್ಬಿಸುತ್ತ ಗಾಳಿಯಂತೆ ಹೋಗುತ್ತಿತ್ತು. ಎತ್ತರದ ಸೀಟಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಮಗಳನ್ನು ನೋಡುವುದೇ ಒಂದು ಚಂದ. ಆ ಹೊಲದಲ್ಲಿ ಹಿಂದೆ ಇಪ್ಪತ್ತು ಜನ ಬಗ್ಗಿ ಕೊಯ್ಯುತ್ತಿದ್ದರು. ಈಗ ಈಕೆ ಒಬ್ಬಳೇ. ಯಂತ್ರದ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟಿ ಬರುತ್ತಿದ್ದವು. ಅವುಗಳ ಜೊತೆ ಪಾರಿವಾಳ, ಗುಬ್ಬಚ್ಚಿ, ಕಾಗೆ.

ಬೆಳ್ಳಕ್ಕಿ ಹುಳ ಹೆಕ್ಕಲು ಬರುತ್ತದೆ, ಸರಿ. ಪಾರಿವಾಳಕ್ಕೆ ಇಲ್ಲೇನು ಕೆಲಸ? ತಾಯಿ ಬುತ್ತಿಯನ್ನು ಬದುವಿನ ಮೇಲಿಟ್ಟು ಕೊಯ್ದ ನೆಲಕ್ಕೆ ಇಳಿದಳು. ಮಂಡಿಯೂರಿ, ಮೇಲೆ ಹರಡಿದ್ದ ಹೊಟ್ಟನ್ನು ಸರಿಸಿ, ಕೊಯ್ದುಳಿದ ಮೋಟು ಕೂಳೆಯ ನಡುವೆ ಅಂಗೈ ಊರಿದಳು. ಎತ್ತಿದಾಗ ಕೈಗೆ ಅಂಟಿಕೊಂಡು ಬಂದದ್ದು ಗೋಧಿ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಕೈ ಊರಿದಳು. ಅಲ್ಲೂ ಗೋಧಿ. ಅರ್ಧ ಕತ್ತರಿಸಿ ಬಿಟ್ಟ ತೆನೆಗಳು, ಹೊಟ್ಟಿನ ಜೊತೆ ಹಾರಿಬಿದ್ದ ಕಾಳುಗಳು. ಸೆರಗಿನ ತುದಿಯಲ್ಲಿ ಆರಿಸಿಕೊಳ್ಳುತ್ತ ಹೋದಂತೆ ಸೆರಗು ಭಾರವಾಯಿತು.

ಆಕೆ ಯಂತ್ರಕ್ಕೆ ಅಡ್ಡ ಹೋಗಿ ನಿಂತು ಕೈ ಎತ್ತಿದಳು. ಮಗಳು ಗಾಬರಿಯಿಂದ ಇಂಜಿನ್ ಆರಿಸಿ ಕೆಳಗೆ ಹಾರಿದಳು.

"ಏನಮ್ಮ? ಮರಿ ಏನಾದ್ರೂ ಸಿಕ್ತಾ?"

"ಮರಿ ಅಲ್ಲ. ಇದು." ತಾಯಿ ಸೆರಗು ಬಿಚ್ಚಿ ತೋರಿಸಿದಳು. "ನಿನ್ನ ಮೆಷಿನ್ ಉಗಿದದ್ದು. ಇಷ್ಟು ಜಾಗದಲ್ಲಿ ಇಷ್ಟು."

ಮಗಳು ಸೆರಗನ್ನೂ ನೆಲವನ್ನೂ ನೋಡಿದಳು. "ಎಲ್ಲರ ಮೆಷಿನ್ನೂ ಸ್ವಲ್ಪ ಬಿಡುತ್ತೆ ಅಮ್ಮ."

"ಎಲ್ಲರ ಮೆಷಿನ್ ಕಟ್ಟಿಕೊಂಡು ನನಗೇನಾಗಬೇಕು? ನಿಂದು ಯಾಕೆ ಬಿಡುತ್ತೆ?"

"ಸ್ಪೀಡಾಗಿ ಹೋದ್ರೆ ಜರಡಿ ಮೇಲೆ ರಾಶಿ ಬೀಳುತ್ತೆ, ಕಾಳು ಬೇರೆ ಆಗೋ ಮೊದಲೇ ಫ್ಯಾನು ಹೊಟ್ಟಿನ ಜೊತೆ ಆಚೆ ಹಾರಿಸುತ್ತೆ. ನಿಧಾನ ಹೋದ್ರೆ ದಿನಕ್ಕೆ ಎರಡು ಹೊಲ ಆಗೋದು ಒಂದೇ ಆಗುತ್ತೆ. ಬಾಡಿಗೆ ಹೊಲದವರು ಸುಮ್ಮನಿರ್ತಾರಾ? ನನ್ನ ಹೊಟ್ಟೆ ಹೊರೆಯೋದು ಬೇಡವಾ?"

"ಬಾತುಕೋಳಿ ಹೊಟ್ಟೆ ಬಗ್ಗೆ ಅಷ್ಟು ಮಾತಾಡಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡೋಳು ನೀನೇ! ತಮ್ಮ ಕೇಳಿದ ಪ್ರಶ್ನೆಗೆ ಉತ್ತರ ನಿನ್ನ ಚಕ್ರದ ಹಿಂದೇನೇ ಬಿದ್ದಿದೆ, ತಿರುಗಿ ನೋಡಿದ್ಯಾ?"

ಇಷ್ಟು ವರ್ಷ ಈ ಊರಿನಲ್ಲಿ ಯಾರೂ ಮಗಳ ಕೆಲಸಕ್ಕೆ ಬೆರಳು ತೋರಿಸಿರಲಿಲ್ಲ. ಆಕೆ ತಲೆಯ ಬಟ್ಟೆ ಬಿಚ್ಚಿ ಒದರಿ, ಬುತ್ತಿಯನ್ನು ಮುಟ್ಟದೆ, ಯಂತ್ರದ ಹಿಂದೆ ಹೋಗಿ ಮಂಡಿಯೂರಿ ಕೂತಳು. ಬಹಳ ಹೊತ್ತು ಏಳಲಿಲ್ಲ.

ತಾಯಿ ಅಲ್ಲಿಂದ ನೆಟ್ಟಗೆ ಉಗ್ರಾಣಕ್ಕೆ ಬಂದಳು. ಮಗ ಮೂಟೆ ಜೋಡಿಸಲು ನೆಲ ಗುಡಿಸುತ್ತಿದ್ದ. ಆಕೆ ಒಳಗೆ ಕಾಲಿಟ್ಟು ಮೂಗು ಎಳೆದಳು. ಮುಗ್ಗಲು ವಾಸನೆ. ಮೂಲೆಯ ಗೋಡೆ ಒದ್ದೆಯಾಗಿ ಕಪ್ಪಾಗಿತ್ತು. ಬಾಗಿಲ ಕೆಳಗೆ ಕೈ ತೂರುವಷ್ಟು ಸಂದು. ಗೋಡೆಯ ಬುಡದಲ್ಲಿ ಹೆಗ್ಗಣ ತೋಡಿದ ಬಿಲ.

"ಹೋದ ವರ್ಷ ಇಲ್ಲಿ ಎಷ್ಟು ಮೂಟೆ ಕೆಟ್ಟಿತ್ತು?"

"ಕೆಳಗಿನ ಸಾಲು ಒಂದಿಷ್ಟು ಮುಗ್ಗಿತ್ತು. ಇಲಿ ತಿಂದದ್ದು ಬೇರೆ. ಅದು ಇದ್ದದ್ದೇ ಅಲ್ವಾ ಅಮ್ಮ."

"ಜೊಂಡಲ್ಲಿ ಬೆಳೆದ್ರೆ ಎಷ್ಟು ಬರುತ್ತೆ ಅಂತ ನಿನ್ನ ಅಂದಾಜು?"

ಮಗನ ಕಣ್ಣು ಅರಳಿತು. ಉಗ್ರಾಣದ ಗೋಡೆಗೆ ಕೈ ತೋರಿಸಿ ಹೇಳಿದ: "ಪ್ರತಿ ವರ್ಷ ನಮ್ಮ ಮೂಟೆ ಕಿಟಕಿವರೆಗೆ ಬರುತ್ತೆ. ಜೊಂಡಿಂದು ಸೇರಿದ್ರೆ ಇನ್ನೂ ಮೂರು ಸಾಲು. ಅಂದ್ರೆ ಆ ತೊಲೆ ಮುಟ್ಟುತ್ತೆ."

"ಸರಿ ಹಾಗಾದ್ರೆ," ಎಂದಳು ತಾಯಿ.

ಆ ಸಂಜೆ ಆಲೂಗಡ್ಡೆ ಬೇಯಿಸಿ, ಮೊಟ್ಟೆ ಕರಿದು, ಎಲ್ಲರಿಗೂ ಬಡಿಸಿದ ಮೇಲೆ ಆಕೆ ತೀರ್ಪು ಹೇಳಿದಳು.

"ಮೂರು ಸಾಲು ಮೂಟೆಗೋಸ್ಕರ ಹೊಂಡ ಮುಚ್ಚಬೇಕು ಅಂತ ಒಬ್ಬ. ಮುಚ್ಚಬಾರದು ಅಂತ ಇನ್ನೊಬ್ಬಳು. ಬೆಳೆದ ಗೋಧೀನ ಅವಳು ಹೊಲದಲ್ಲಿ ಚೆಲ್ತಾಳೆ, ಉಳಿದದ್ದನ್ನ ನೀನು ಉಗ್ರಾಣದಲ್ಲಿ ಇಲಿಗೆ ಬಡಿಸ್ತೀಯ. ತೂತು ಮಡಕೆ ಇಟ್ಟುಕೊಂಡು ಇನ್ನೊಂದು ಕೊಡ ನೀರು ತರೋಣ ಅಂದ ಹಾಗಿದೆ. ಮೊದಲು ತೂತು ಮುಚ್ಚಿ. ಈ ಸಲ ಅದೇ ಹೊಲದಿಂದ ಮೂಟೆ ತೊಲೆ ಮುಟ್ಟಿದ್ರೆ ಜೊಂಡು ಇರುತ್ತೆ. ಮುಟ್ಟದಿದ್ರೆ ಜೆಸಿಬಿ ಬರುತ್ತೆ. ಆಮೇಲೆ ಯಾರೂ ಮುಖ ಊದಿಸಿಕೊಳ್ಳೋ ಹಾಗಿಲ್ಲ."

"ಅತ್ತೆ, ನಮ್ಮ ಅಡುಗೆಮನೆಯಲ್ಲಿ ಒಂದು ರೊಟ್ಟಿ ಸೀದುಹೋದ್ರೆ ನಾನು ಊರು ಒಂದು ಮಾಡ್ತೀನಿ," ಎಂದಳು ಸೊಸೆ, ತಾಯಿ ಸೆರಗಿನಲ್ಲಿ ತಂದ ಗೋಧಿಯನ್ನು ಬೊಗಸೆಯಲ್ಲಿ ಹಿಡಿದು. "ಇಲ್ಲಿ ಹೊಲಕ್ಕೆ ಹೊಲಾನೇ ಚೆಲ್ತಾ ಇದ್ದೀವಾ?"

"ಅಜ್ಜಿ, ಅಪ್ಪ ಗೆಲ್ಬೇಕಾದ್ರೆ ಇಲಿಗೆ ಊಟ ಹಾಕಿದ್ರೆ ಸಾಕಲ್ವಾ?" ಎಂದಳು ಚಿನಕುರಳಿ.

ಎಲ್ಲರೂ ಮಗನ ಮುಖ ನೋಡಿದರು. ದೊಡ್ಡವರೆಲ್ಲರ ಮನಸ್ಸಿನಲ್ಲಿದ್ದ ಮಾತದು. ಮಗ ತಟ್ಟೆ ತೆಗೆದುಕೊಂಡು ಎದ್ದು ಹೋದ.

ಮರುದಿನದಿಂದ ಮಗಳ ಯಂತ್ರದ ಸದ್ದೇ ಬದಲಾಯಿತು. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನಾಲ್ಕು ಸಲ ಇಳಿದು, ಹಿಂದೆ ಬಂದು, ಕೂಳೆಯಲ್ಲಿ ಕೈ ಊರಿ ನೋಡುವಳು. ಫ್ಯಾನಿನ ಗಾಳಿ ಕಡಿಮೆ ಮಾಡುವಳು. ಜರಡಿ ತುಸು ತೆರೆಯುವಳು. ತೆನೆ ಎಳೆದುಕೊಳ್ಳುವ ರಾಟೆಯನ್ನು ತಗ್ಗಿಸುವಳು. ಮತ್ತೆ ಹತ್ತಿ ಓಡಿಸುವಳು. ಇಬ್ಬನಿ ಆರುವ ಮುಂಚೆ ಹೊಲಕ್ಕೆ ಇಳಿಯುತ್ತಿರಲಿಲ್ಲ. ಬಾಡಿಗೆಗೆ ಹೋದಲ್ಲೂ ಹಾಗೆಯೇ ಮಾಡಿದಳು. ಅದೇ ತಪ್ಪಾಯಿತು.

"ಏನಮ್ಮ, ಆಮೆ ಓಡಿಸ್ತಿದ್ದೀಯಾ?" ಎಂದು ಪಕ್ಕದ ಹೊಲದವನು ಬದುವಿನಿಂದ ಕೂಗಿದ. "ನನ್ನ ಹೊಲ ಮುಗಿಯೋ ಹೊತ್ತಿಗೆ ನನಗೆ ಮೊಮ್ಮಕ್ಕಳಾಗ್ತಾರೆ!"

"ಸ್ವಲ್ಪ ತಾಳಿ. ಮೂಟೆ ಎಣಿಸಿದಾಗ ಗೊತ್ತಾಗುತ್ತೆ."

ಅವನು ತಾಳಲಿಲ್ಲ. ಅರ್ಧ ಹೊಲಕ್ಕೆ ಲೆಕ್ಕ ಮುಗಿಸಿ, ಉಳಿದರ್ಧಕ್ಕೆ ಬೇರೆ ಯಂತ್ರ ಕರೆಸಿಕೊಂಡ. ಸುದ್ದಿ ಹರಡಿ ಇನ್ನಿಬ್ಬರೂ ಜಾರಿಕೊಂಡರು. ಮನೆಗೆ ಬಂದ ಮಗಳು ಕೈಕಾಲು ತೊಳೆಯುವ ಮೊದಲೇ ಜಗಲಿಯ ಮೇಲೆ ಕುಸಿದಳು.

"ಈ ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗಾಯ್ತು."

ತಾಯಿ ಚಹಾ ತಂದು ಪಕ್ಕದಲ್ಲಿಟ್ಟಳು. "ಮತ್ತೆ ಜೋರಾಗಿ ಓಡಿಸ್ತೀಯಾ?"

ಮಗಳು ಲೋಟ ಎತ್ತಿಕೊಂಡಳು. "ಆಗಲ್ಲಮ್ಮ. ಚೆಲ್ಲೋದು ಒಂದು ಸಲ ಕಣ್ಣಿಗೆ ಬಿತ್ತಲ್ಲ. ಈಗ ಜೋರಾಗಿ ಓಡಿಸಿದ್ರೆ ನನಗೇ ಮೈ ಉರಿಯುತ್ತೆ."

ಅಂದು ಮಗಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚು ಬಿತ್ತು.

ಇತ್ತ ಉಗ್ರಾಣದಲ್ಲಿ ಮಗ ಯಾರೊಂದಿಗೂ ಮಾತಾಡದೆ ದುಡಿಯುತ್ತಿದ್ದ. ಒದ್ದೆ ಗೋಡೆಯ ಗಾರೆಯನ್ನು ಕಿತ್ತು, ಹೊರಗಡೆ ನೀರು ನಿಲ್ಲುತ್ತಿದ್ದ ಗುಂಡಿ ಮುಚ್ಚಿ, ಹೊಸ ಗಾರೆ ಹಚ್ಚಿದ. ಬಿಲಗಳಿಗೆ ಗಾಜಿನ ಚೂರು ತುರುಕಿ ಸಿಮೆಂಟು ಮೆತ್ತಿದ. ಬಾಗಿಲ ಬುಡಕ್ಕೆ ತಗಡು ಹೊಡೆದ. ಮೂಟೆಗಳ ಕೆಳಗೆ ಗಾಳಿಯಾಡಲೆಂದು ಹಳೆಯ ಹಲಗೆಗಳನ್ನು ಅಡ್ಡಡ್ಡ ಜೋಡಿಸಿದ. ಕಿಟಕಿಯ ಜಾಲರಿ ಬಿಗಿಯುವಾಗ ತಾಯಿ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದಳು.

"ನಿನ್ನ ಮಗಳು ಹೇಳಿದ ಮಾತಿಗೆ ಬೇಜಾರಾಯ್ತಾ?"

"ಚಿಕ್ಕದು, ಬಾಯಿಗೆ ಬಂದದ್ದು ಹೇಳ್ತು. ನೀವೆಲ್ಲ ನನ್ನ ಮುಖ ನೋಡಿದ್ರಲ್ಲ, ಅದಕ್ಕೆ ಬೇಜಾರಾಯ್ತು." ಅವನು ಮೊಳೆಯ ಮೇಲೆ ಎರಡೇಟು ಹಾಕಿದ. "ಸೋಲೋದಿದ್ರೆ ಅಕ್ಕನ ಹತ್ರ ಸೋಲ್ತೀನಿ ಅಮ್ಮ. ಇಲಿ ಹತ್ರ ಗೆಲುವು ಬೇಡಿಕೊಳ್ಳಲ್ಲ."

ಇವನ ಅಪ್ಪ ಇದ್ದಿದ್ದರೆ ಈ ಮಾತನ್ನು ಕೇಳಿ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ತಾಯಿಗೆ ಆ ಅಭ್ಯಾಸವಿಲ್ಲ. "ಎಡಗಡೆ ಇನ್ನೊಂದು ಮೊಳೆ ಹೊಡಿ, ಅಲ್ಲಿ ಸಡಿಲ ಇದೆ," ಎಂದಷ್ಟೇ ಹೇಳಿದಳು.

ಮೂಟೆಗಳು ಏರತೊಡಗಿದವು. ಮೇಲಿನ ಹೊಲ, ನಡುವಿನ ಹೊಲ ಮುಗಿಯುವಷ್ಟರಲ್ಲಿ ಕಿಟಕಿಯ ಅಂಚು ಬಂತು. ಕೆಳಗಿನ ಹೊಲ ಇನ್ನೂ ಬಾಕಿ, ಜೊಂಡಿಗೆ ತಾಗಿದ್ದು, ಎಲ್ಲಕ್ಕಿಂತ ಹುಲುಸಾದದ್ದು. ಚಿನಕುರಳಿ ಶಾಲೆಯಿಂದ ಬಂದ ಕೂಡಲೇ ಉಗ್ರಾಣಕ್ಕೆ ಓಡಿ, ಮೂಟೆಗಳ ಪಕ್ಕ ನಿಂತು, ಕೈ ಮೇಲೆ ಚಾಚಿ, "ಇನ್ನು ನನ್ನ ಕೈಗೆ ಸಿಗಲ್ಲ!" ಎಂದು ಕೂಗಿದಳು.

ಆಗ ಮಳೆ ಬಂತು.

ಮಧ್ಯಾಹ್ನ ಮೂರರ ಸುಮಾರಿಗೆ ಆಕಾಶ ಕಪ್ಪಿಟ್ಟಿತು. ಗಾಳಿ ಮೊದಲು, ಅದರ ಬೆನ್ನಿಗೇ ಮಳೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹಾಗೆಯೇ ಕೆಳಗಿನ ಹೊಲದ ಗೋಧಿ ಯಾರೋ ಚಾಪೆ ಹಾಸಿದಂತೆ ಮಲಗಿತು. ಮಳೆ ನಿಂತ ಮೇಲೆ ಎಲ್ಲರೂ ಕೆಸರು ತುಳಿಯುತ್ತ ಹೋಗಿ ನೋಡಿದರು. ಮೇಲ್ಭಾಗದ ಬೆಳೆ ಬಾಗಿತ್ತು, ಯಂತ್ರದ ಬಾಯಿಗೆ ಹೇಗೋ ಸಿಗುತ್ತಿತ್ತು. ಜೊಂಡಿನ ಕಡೆಯ ದೊಡ್ಡ ತುಂಡು ನೆಲಕ್ಕೆ ಅಂಟಿತ್ತು.

"ಇದು ಮೆಷಿನ್‌ಗೆ ಸಿಗಲ್ಲ," ಎಂದಳು ಮಗಳು. "ಹೋಯ್ತು. ಬಿಡಿ. ಜೆಸಿಬಿಯವನಿಗೆ ಹೇಳಿಬಿಡಿ."

ಮಗ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊಲದ ಉದ್ದಗಲ ನೋಡಿದ. ಬಗ್ಗಿ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಬಾಯಿಗೆ ಹಾಕಿ ಕಡಿದ.

"ಕಾಳು ಗಟ್ಟಿ ಇದೆ. ಎರಡು ದಿನ ಬಿಸಿಲು ಬಿದ್ರೆ ಕೈಯಲ್ಲಿ ಕೊಯ್ಯಬಹುದು."

"ಕೈಯಲ್ಲಾ? ಇಷ್ಟನ್ನಾ?"

"ನಿನಗೆ ಕುಡುಗೋಲು ಹಿಡಿಯೋಕೆ ಮರೆತುಹೋಗಿದ್ರೆ ಹೇಳು ಅಕ್ಕ, ಕಲಿಸಿಕೊಡ್ತೀನಿ."

ಮಗಳು ತಮ್ಮನನ್ನು ದಿಟ್ಟಿಸಿ ನೋಡಿದಳು. ಅವನು ಆಗಲೇ ತಿರುಗಿ ಮನೆಯ ಕಡೆ ಹೊರಟಿದ್ದ, ಅಟ್ಟದ ಮೇಲಿನ ಕುಡುಗೋಲು ಹುಡುಕಲು.

ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಆಮೇಲಿನದು ಶಾಲೆಗೆ ರಜೆಯ ವಾರ. ಬೆಳಿಗ್ಗೆ ತಾಯಿ, ಮಗ, ಮಗಳು ಹೊಲಕ್ಕೆ ಇಳಿದು ಒಂದು ಪಟ್ಟಿ ಕೊಯ್ಯುವಷ್ಟರಲ್ಲಿ ಬದುವಿನ ಮೇಲೆ ಹೆಂಗಸರ ಸಾಲೊಂದು ಕಾಣಿಸಿತು. ಮುಂದೆ ಸೊಸೆ. ಹಿಂದೆ ಶಾಲೆಯ ಅಡುಗೆಮನೆಯಲ್ಲಿ ಆಕೆಯ ಜೊತೆ ದುಡಿಯುವವರೆಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು.

"ಅತ್ತೆ, ಇವರಿಗೆ ಹೇಳಿದೆ: ಹಿಟ್ಟು ಸಾಲಲ್ಲ ಅಂತ ದಿನಾ ಗೊಣಗ್ತೀರಲ್ಲ, ಹಿಟ್ಟು ನಮ್ಮ ಹೊಲದಲ್ಲಿ ಮಲಗಿದೆ, ಬಂದು ಎಬ್ಬಿಸಿ ಅಂತ."

"ಮಲಗಿದ ಮಕ್ಕಳನ್ನೇ ಎಬ್ಬಿಸ್ತೀವಿ, ಗೋಧಿ ಯಾವ ಲೆಕ್ಕ ದೊಡ್ಡಮ್ಮ!" ಎಂದು ಒಬ್ಬಳು ಕೂಗಿದಳು. ಬದುವಿನ ತುಂಬ ನಗು.

ಕೊಯ್ದರು. ಸೊಂಟ ಹಿಡಿದುಕೊಂಡಿತು, ಬೆರಳು ಸೀಳಿತು, ಕತ್ತು ಸುಟ್ಟಿತು. ತಾಯಿ ಎಲ್ಲರಿಗಿಂತ ಹಿಂದುಳಿಯುತ್ತಿದ್ದಳು, ಆದರೆ ಆಕೆ ಕೊಯ್ದ ಜಾಗದಲ್ಲಿ ಒಂದು ತೆನೆಯೂ ಉಳಿಯುತ್ತಿರಲಿಲ್ಲ. ಅಕ್ಕತಮ್ಮ ಪಕ್ಕಪಕ್ಕದ ಪಟ್ಟಿ ಹಿಡಿದು, ಯಾರು ಮುಂದೆ ಎಂದು ಕಳ್ಳಗಣ್ಣಿನಲ್ಲಿ ನೋಡಿಕೊಳ್ಳುತ್ತಲೇ ಇದ್ದರು. ಜೊಂಡಿನ ಅಂಚಿಗೆ ಬಂದಾಗ ಹುಲ್ಲಿನೊಳಗಿಂದ ಒಂದು ನೀರುಕೋಳಿ ಗದ್ದಲ ಮಾಡುತ್ತ ಹೊರಬಂತು. ಅದರ ಹಿಂದೆ ಕಪ್ಪು ಹತ್ತಿಯ ಉಂಡೆಗಳಂಥ ಮರಿಗಳು. ಮಗ ಕುಡುಗೋಲು ತಗ್ಗಿಸಿ, ಅವೆಲ್ಲ ದಾಟುವವರೆಗೆ ನಿಂತ.

"ದಾಟ್ರಮ್ಮ, ಬೇಗ ಬೇಗ," ಎಂದ. "ನಿಮ್ಮ ದೆಸೆಯಿಂದ ನನ್ನ ಸೊಂಟ ಮುರೀತು."

ಕೈಯಲ್ಲಿ ಕೊಯ್ದದ್ದನ್ನು ಒಣಗಿಸಿ, ಹೊರೆ ಹೊರೆಯಾಗಿ ಯಂತ್ರದ ಬಾಯಿಗೆ ಕೊಟ್ಟು ಕಾಳು ಮಾಡಿದರು. ಕೊನೆಯ ಮೂಟೆಯ ಬಾಯಿ ಹೊಲಿದು ಏರಿಸಿದ ದಿನ ಮನೆಯವರೆಲ್ಲ ಉಗ್ರಾಣದಲ್ಲಿ ಸೇರಿದರು. ಶಾಲೆಯ ಹೆಂಗಸರೂ ಬಾಗಿಲಲ್ಲಿ ಗುಂಪುಗೂಡಿದ್ದರು.

ಮೂಟೆಗಳು ಕಿಟಕಿಯನ್ನು ದಾಟಿ ಮೇಲೆ ಹೋಗಿದ್ದವು. ಆ ಉಗ್ರಾಣದಲ್ಲಿ ಅಷ್ಟು ಎತ್ತರವನ್ನು ಯಾರೂ ಕಂಡಿರಲಿಲ್ಲ. ಆದರೆ ತೊಲೆ ಮುಟ್ಟಿರಲಿಲ್ಲ. ಮೇಲೆ ಇನ್ನೂ ಒಂದು ಸಾಲಿನಷ್ಟು ಜಾಗ ಖಾಲಿ.

ಮಗಳು ಆ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದವಳು, "ಮಾತು ಅಂದ್ರೆ ಮಾತು," ಎಂದಳು. "ಮುಟ್ಟಲಿಲ್ಲ. ನಾನು ಮುಖ ಊದಿಸಿಕೊಳ್ಳಲ್ಲ. ಕರೆಸಿಕೋ ತಮ್ಮ."

ತಾಯಿ ಮೂಟೆಯ ಸಾಲುಗಳನ್ನು ಮತ್ತೊಮ್ಮೆ ಎಣಿಸಿದಳು. ಷರತ್ತು ಹಾಕಿದ್ದು ತಾನೇ. ಒಂದು ಸಾಲು ತಾನೇ ಎಂದು ಈಗ ಸಡಿಲಿಸಿದರೆ ಮಗನಿಗೆ ಅನ್ಯಾಯ.

ಮಗ ಏಣಿಯನ್ನು ಗೋಡೆಗೆ ಒರಗಿಸಿದ. "ಕರೆಸೋದಿರಲಿ. ಅಮ್ಮ, ನೀನು ಲೆಕ್ಕ ತಪ್ಪಿದ್ದೀಯ."

"ನಾನಾ?"

"ನೀನೇ. ಪ್ರತಿ ವರ್ಷ ಮೂಟೆ ಕಿಟಕಿವರೆಗೆ ಬರ್ತಿತ್ತು ಅಂತ ನಾನು ಹೇಳಿದ್ದು ಇಟ್ಟ ದಿನದ ಮಾತು. ಗಿರಣಿಗೆ ಹೊರಡೋ ದಿನಕ್ಕೆ ಎಷ್ಟು ಉಳೀತಿತ್ತು? ಕೆಳಗಿನ ಸಾಲು ಮುಗ್ಗಿ ಹೋಗ್ತಿತ್ತು. ಇಲಿ, ಹೆಗ್ಗಣ, ಹುಳ ಎಲ್ಲ ತಿಂದು ಇನ್ನೂ ಒಂದಿಷ್ಟು. ಜೊಂಡಲ್ಲಿ ಬೆಳೆದಿದ್ರೂ ಅದೇ ಗತಿ ಆಗ್ತಿತ್ತು. ಈ ವರ್ಷ ಇಲ್ಲಿಂದ ಒಂದು ಕಾಳು ಹೋಗಲ್ಲ. ಹೋಗಲಿ ನೋಡೋಣ! ಈ ಗೋಡೆಗೆ ಗಾರೆ ಹಚ್ಚಿದ್ದು ನಾನು." ಅವನು ಹೊಸ ಗಾರೆಯ ಮೇಲೆ ಅಂಗೈಯಿಂದ ಬಡಿದ. "ಆ ಒಂದು ಸಾಲು ಮೇಲೆ ಕಾಣದಿದ್ರೆ ಕೆಳಗಿದೆ. ಮುಗ್ಗದೆ ಇರೋ ಸಾಲಿನಲ್ಲಿದೆ. ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ ಅಂದ್ರೆ ನನ್ನ ಕೆಲಸಾನೇ ಲೆಕ್ಕಕ್ಕಿಲ್ಲ ಅಂದ ಹಾಗೆ. ಅದಕ್ಕೆ ನಾನು ಒಪ್ಪಲ್ಲ."

"ನೀನು ಸೋತೆ ಅಂತ ಆಗುತ್ತಲ್ಲೋ," ಎಂದಳು ಅಕ್ಕ, ಕಣ್ಣು ತುಂಬಿಕೊಂಡು.

"ಯಾರು ಸೋತದ್ದು? ಗೋಧಿ ಎಲ್ಲಿಂದ ತರ್ತೀಯ ಅಂತ ಕೇಳಿದ್ದೆ. ತಂದ್ವಲ್ಲ. ಅರ್ಧ ನೀನು ತಂದೆ, ಅರ್ಧ ನಾನು ಉಳಿಸಿದೆ."

"ಅರ್ಧ ಅಂತೆ! ಮುಕ್ಕಾಲು ನಂದು."

"ಆಮೆ ಓಡಿಸಿಕೊಂಡು ಮುಕ್ಕಾಲಾ?"

"ನಮ್ಮದೇನೂ ಇಲ್ವಾ?" ಎಂದು ಬಾಗಿಲಿಂದ ಶಾಲೆಯ ಹೆಂಗಸರು ಗದ್ದಲವೆಬ್ಬಿಸಿದರು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಜಾಸ್ತಿ, ಎಂದುಕೊಂಡಳು. ಆಮೇಲೆ ಮಗನ ಫೋನು ಇಸಿದುಕೊಂಡು, ಜೆಸಿಬಿಯವನಿಗೆ ತಾನೇ ಮಾತಾಡಿದಳು. "ಬರೋದು ಬೇಡಪ್ಪ. ಇಲ್ಲ, ಬೇರೆಯವರಿಗೆ ಹೇಳಿಲ್ಲ. ನಮಗೆ ಇರೋ ಹೊಲವೇ ಸಾಕು."

ಗಿರಣಿಗೆ ಮೊದಲ ಗಾಡಿ ಹೊರಟಾಗ ಚಳಿ ಶುರುವಾಗಿತ್ತು. ಕೆಳಗಿನ ಸಾಲಿನ ಮೂಟೆ ಬಿಚ್ಚಿ ಗಿರಣಿಯವನು ಕೈ ಹಾಕಿ, ಮೂಸಿ, ಹುಬ್ಬೇರಿಸಿದ. ಅದೇ ವಾರ ಶಾಲೆಯ ಅಡುಗೆಮನೆಗೆ ಎಂದಿಗಿಂತ ಹೆಚ್ಚು ಹಿಟ್ಟು ಹೋಯಿತು. ಸಂಜೆ ಸೊಸೆ ಮನೆಗೆ ಬಂದು ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ಅತ್ತೆ, ಇವತ್ತು ಯಾರಿಗೂ ಇಲ್ಲ ಅನ್ನಲಿಲ್ಲ."

ಸುದ್ದಿಗೆ ಕಾಲು ಬಂತು. ಒಂದು ಬೆಳಿಗ್ಗೆ ಮೂವರು ರೈತರು ಉಗ್ರಾಣ ನೋಡಲು ಬಂದರು. ಮಗ ಅವರನ್ನು ಒಳಗೆ ಕರೆದೊಯ್ದು, ತಗಡು, ಗಾರೆ, ಹಲಗೆ ಎಲ್ಲ ತೋರಿಸಿದ, ಮಾತಿಗೆ ಮಾತು ಸೇರಿಸಿ. ಚಿನಕುರಳಿ ಅವನಿಗಿಂತ ಮುಂದೆ ಓಡಿ, "ಇಲ್ಲಿ ನೋಡಿ, ಇಲಿ ಬಂದು ವಾಪಸ್ ಹೋದ ಗುರುತು!" ಎಂದಳು. ತಾಯಿ ಹೊರಗೆ ಕಲ್ಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

ಮೂವರಲ್ಲಿ ಒಬ್ಬ ಪಕ್ಕದ ಹೊಲದವನು. ಉಳಿದಿಬ್ಬರು ಹೋದ ಮೇಲೂ ಅವನು ಅಲ್ಲೇ ಸುಳಿದಾಡುತ್ತಿದ್ದ. ಕೊನೆಗೆ ಹತ್ತಿರ ಬಂದು, ಎರಡು ಬಟಾಣಿ ಬಾಯಿಗೆ ಹಾಕಿಕೊಂಡು, ಕೆಮ್ಮಿದ.

"ನನ್ನದೂ ಒಂದು ಹೊಂಡ ಇದೆಯಲ್ಲ ದೊಡ್ಡಮ್ಮ. ಜೆಸಿಬಿಯವನಿಗೆ ಈ ವರ್ಷ ಬೇಡ, ಮುಂದೆ ನೋಡೋಣ ಅಂದಿದ್ದೀನಿ. ನಿಮ್ಮ ಮಗಳು ಕೊಯ್ದ ಅರ್ಧದಲ್ಲೂ ಇನ್ನೊಬ್ಬ ಕೊಯ್ದ ಅರ್ಧದಲ್ಲೂ ಬಂದ ಮೂಟೆ ನಾನು ಪಕ್ಕಪಕ್ಕ ಇಟ್ಟು ನೋಡಿದೆ. ಹೇಳಿಕೊಳ್ಳೋಕೆ ನಾಚಿಕೆ."

"ನಾಚಿಕೆ ಯಾಕೆ? ಬಟಾಣಿ ತಿನ್ನಿ."

"ಆದ್ರೂ..." ಅವನು ಅಂಗಳದಾಚೆ ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿ ಜರಡಿ ತಿಕ್ಕುತ್ತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದ. "ಅವಳು ಮುಂದಿನ ವರ್ಷವೂ ಅಷ್ಟೇ ನಿಧಾನ ಓಡಿಸ್ತಾಳಾ?"

ದೊಡ್ಡಮ್ಮ ಸುಲಿದ ಕಾಳುಗಳನ್ನು ಪಾತ್ರೆಗೆ ಹಾಕಿ ನೆಟ್ಟಗೆ ಕೂತಳು.

"ಇನ್ನೂ ನಿಧಾನ ಓಡಿಸ್ತಾಳೆ. ಅದಕ್ಕೇ, ಬೇಕು ಅಂದ್ರೆ ಈಗಲೇ ಹೇಳಿಟ್ಟುಕೊಳ್ಳಿ."